ಒಂಬತ್ತನೇ ಪುಟ

"ನೋಟಿಸ್ ಕೊಟ್ಟಿದ್ದೀವಿ ಅಂತೀರಲ್ಲ ಸಾರ್, ಎಲ್ಲಿ ಕೊಟ್ಟಿದ್ದೀರಿ? ಯಾರ ಕೈಗೆ ಕೊಟ್ಟಿದ್ದೀರಿ? ಯಾವ ಗೋಡೆಗೆ ಅಂಟಿಸಿದ್ದೀರಿ?"

ಶಾಲೆಯ ಹಾಲಿನಲ್ಲಿ ಎದ್ದು ನಿಂತು ಹೀಗೆ ಕೇಳಿದವನು ಪೇಪರಣ್ಣ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುಡಿ ಕೂತಿದ್ದ ಬೀದಿಯ ಜನ ಹೋ ಎಂದರು. ಎದುರಿಗೆ ಮೇಜಿನ ಹಿಂದೆ ರೈಲ್ವೆಯ ಎಂಜಿನಿಯರ್ ಒಬ್ಬನೇ ಕೂತಿದ್ದ. ಹೆಚ್ಚು ವಯಸ್ಸಿಲ್ಲದ, ತಾಳ್ಮೆಯ ಮನುಷ್ಯ. ಬೀದಿಯ ತುದಿಯಲ್ಲಿರುವ ರೈಲ್ವೆ ಗೇಟನ್ನು ಇನ್ನು ಮೂರು ತಿಂಗಳಿಗೆ ಶಾಶ್ವತವಾಗಿ ಮುಚ್ಚಲಾಗುವುದು, ಬದಲಿಗೆ ಹಳಿಯ ಮೇಲೆ ಮೆಟ್ಟಿಲಿನ ಕಾಲುಸೇತುವೆ ಬರುವುದು ಎಂದು ವಿವರಿಸಲು ಭಾನುವಾರದ ಬೆಳಿಗ್ಗೆ ಬಂದಿದ್ದ. ಆ ವಾರ ಗುಂಡಿ ತೋಡಲು ಬಂದವರನ್ನು ಬೀದಿಯವರೆಲ್ಲ ಸೇರಿ ತಡೆದಿದ್ದರಿಂದ ಅವನು ಬರಲೇಬೇಕಾಗಿತ್ತು.

"ನಾನು ಪತ್ರಿಕೆಯವನು ಸ್ವಾಮಿ," ಪೇಪರಣ್ಣನ ದನಿ ಇನ್ನೂ ಏರಿತು. "ಇಪ್ಪತ್ತಾರು ವರ್ಷ ಆಯ್ತು. ನನ್ನ ಕಣ್ಣು ತಪ್ಪಿಸಿ ಈ ಊರಲ್ಲಿ ಒಂದು ನೋಟಿಸ್ ಬರೋಕೆ ಸಾಧ್ಯವೇ ಇಲ್ಲ. ಕದ್ದುಮುಚ್ಚಿ ಮಾಡಿದ ಕೆಲಸ ಇದು!"

ಜನ ಚಪ್ಪಾಳೆ ತಟ್ಟಿದರು. ಔಷಧಿ ಅಂಗಡಿಯವನಂತೂ ಬೆಂಚಿನಿಂದ ಎದ್ದು, "ಕಳ್ಳರು ಕಣ್ರೀ ನೀವು, ಕಳ್ಳರು!" ಎಂದೇಬಿಟ್ಟ.

ಪೇಪರಣ್ಣ ಪತ್ರಿಕೆ ಹಂಚುವವನಲ್ಲ, ಬರೆಯುವವನೂ ಅಲ್ಲ. ಊರಿನ ದಿನಪತ್ರಿಕೆಯಲ್ಲಿ ಪ್ರೂಫ್ ರೀಡರ್. ಪುಟ ಅಚ್ಚಿಗೆ ಹೋಗುವ ಮೊದಲು ಅದರಲ್ಲಿರುವ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು ಅವನ ಕೆಲಸ. ಇಷ್ಟು ಸೂಕ್ಷ್ಮವೆಲ್ಲ ಬೀದಿಯವರಿಗೆ ಬೇಕಿರಲಿಲ್ಲ. ಪತ್ರಿಕೆಯಲ್ಲಿರುವವನು ಅಂದಮೇಲೆ ಎಲ್ಲ ಬಲ್ಲವನು, ಅಷ್ಟೆ. ಅವನಾದರೂ ಆ ಹೆಸರಿಗೆ ಕುಂದು ಬರದ ಹಾಗೆ ಬದುಕಿದ್ದ. ಬೆಳಿಗ್ಗೆ ಎದ್ದರೆ ಮೂರು ಪತ್ರಿಕೆ, ಫೋನಿನಲ್ಲಿ ಐದು ಸುದ್ದಿ ಆ್ಯಪ್, ಕೆಲಸದಿಂದ ಬಂದಮೇಲೆ ಟೀವಿಯ ಚರ್ಚೆ. ಆರು ಜನ ಆರು ಚೌಕದಲ್ಲಿ ಕೂತು ಒಟ್ಟಿಗೇ ಕಿರುಚುತ್ತಿದ್ದರೂ ಯಾರು ಏನೆಂದರು ಎಂದು ಮರುದಿನ ಸೈಕಲ್ ಶಾಪಿನ ಮುಂದೆ ನಿಂತು ಬಿಡಿಸಿ ಹೇಳಬಲ್ಲ. ಹೆಸರೇ ಕೇಳದ ಯಾವುದೋ ದ್ವೀಪದಲ್ಲಿ ಸರ್ಕಾರ ಬಿದ್ದರೆ ಮೊದಲು ಗೊತ್ತಾಗುವುದು ಅವನಿಗೆ. "ಪ್ರಜೆ ಅಂದ್ರೆ ಕಣ್ಣು ತೆರೆದಿರಬೇಕು ಕಣ್ರಯ್ಯಾ," ಎಂದು ಅವನು ಎಷ್ಟು ಸಲ ಹೇಳಿದ್ದನೋ, ಕೇಳಿದವರಿಗೂ ಲೆಕ್ಕ ತಪ್ಪಿತ್ತು.

ಎಂಜಿನಿಯರ್ ಫೈಲ್ ಬಿಚ್ಚಿ, ಒಳಗಿಂದ ಬಿಳಿ ಹಾಳೆಗೆ ಅಂಟಿಸಿದ ಒಂದು ಪತ್ರಿಕೆಯ ತುಂಡನ್ನು ತೆಗೆದ.

"ಕದ್ದುಮುಚ್ಚಿ ಏನೂ ಇಲ್ಲ ಸಾರ್. ನಿಮ್ಮ ಊರಿನ ಪತ್ರಿಕೆಯಲ್ಲೇ ಬಂದಿದೆ. ಒಂಬತ್ತನೇ ಪುಟ. ಇವತ್ತಿಗೆ ಮೂವತ್ತಮೂರು ದಿನ ಆಯ್ತು. ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟಿದ್ವಿ. ಒಂದೂ ಬರಲಿಲ್ಲ." ಹಾಳೆಯನ್ನು ಪೇಪರಣ್ಣನ ಕಡೆ ಚಾಚಿದ. "ನಿಜ ಹೇಳ್ಬೇಕು ಅಂದ್ರೆ, ಒಂದೇ ಒಂದು ಬಂದಿದ್ರೂ ನಾನು ಇಲ್ಲಿಗೆ ಬಂದು ಕಣ್ಣಾರೆ ನೋಡಿ ವರದಿ ಬರೀಬೇಕಿತ್ತು. ಆ ಅಮ್ಮ ಗಾಡೀಲಿ ಗೇಟು ದಾಟ್ತಾರೆ ಅಂತ ನಮ್ಮ ನಕ್ಷೇಲಿ ಇರಲ್ಲ ಅಲ್ವಾ?"

ಆ ಅಮ್ಮ ಎಂದರೆ ಪೇಪರಣ್ಣನ ಅಕ್ಕ. ಬಾಗಿಲ ಹತ್ತಿರ ತನ್ನ ಕೈಪೆಡಲಿನ ಮೂರು ಗಾಲಿಯ ಗಾಡಿಯಲ್ಲಿ ಕೂತಿದ್ದಳು. ನಾಲ್ಕು ವರ್ಷದವಳಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಹಳಿಯ ಆಚೆ ಇರುವ ದೊಡ್ಡ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ. ಹರಿದ ಹೊದಿಕೆಗೆ ತೇಪೆ ಹಾಕುವುದು, ಆಪರೇಷನ್ನಿನ ಹಸಿರು ಅಂಗಿ ಹೊಲಿಯುವುದು. ಗೇಟು ದಾಟಿದರೆ ಮನೆಯಿಂದ ಹತ್ತು ನಿಮಿಷ. ಗೇಟು ಇಲ್ಲದಿದ್ದರೆ ಹೆದ್ದಾರಿಯ ಮೇಲ್ಸೇತುವೆ ಸುತ್ತಿ ಐದು ಕಿಲೋಮೀಟರ್, ಅದೂ ಲಾರಿಗಳ ನಡುವೆ, ಏರಿನಲ್ಲಿ. ಹೊಸ ಕಾಲುಸೇತುವೆಗೆ ಹತ್ತಲು ನಲವತ್ತೆಂಟು ಮೆಟ್ಟಿಲು, ಇಳಿಯಲು ನಲವತ್ತೆಂಟು. ಅವಳ ಸರ್ವೀಸು ಇನ್ನೂ ಎರಡು ವರ್ಷ ಬಾಕಿ ಇತ್ತು.

ಪೇಪರಣ್ಣ ಹಾಳೆ ತೆಗೆದುಕೊಂಡ. ಓದುವ ಮೊದಲೇ ಅವನ ಬೆರಳಿಗೆ ಅದು ಗೊತ್ತಾಯಿತು. ಸುತ್ತಲಿನ ಜೋಡಿಗೆರೆ, ಮೇಲಿನ ದಪ್ಪ ಅಕ್ಷರ, ಒಳಗಿನ ಇರುವೆಸಾಲಿನಂಥ ಅಕ್ಷರ. 'ಗೇಟ್ ನಂ. 47' ಎಂಬಲ್ಲಿ ಕಣ್ಣು ನಿಂತಿತು. ಆ ಅಂಕಿ ಅವನಿಗೆ ಗೊತ್ತಿತ್ತು. ಹಾಲಿನಲ್ಲಿ ಎಂಬತ್ತು ಜನ ಅವನ ಮುಖವನ್ನೇ ನೋಡುತ್ತಿದ್ದರು.

"ಏನಂತೆ ಪೇಪರಣ್ಣ? ನಿಮ್ಮ ಪೇಪರಲ್ಲೇ ಬಂದಿದೆಯಂತಲ್ಲ?" ಸೈಕಲ್ ಶಾಪಿನವನು ಕೇಳಿದ.

ಆಗ ಹೇಳಬಹುದಿತ್ತು. ಹೌದು, ಓದಿದ್ದೆ, ತಲೆಗೆ ಹೋಗಲಿಲ್ಲ ಎಂದಿದ್ದರೆ ನಾಲ್ಕು ಮಾತು ಬೀಳುತ್ತಿತ್ತು, ಮುಗಿಯುತ್ತಿತ್ತು. ಆದರೆ ಒಂದು ನಿಮಿಷದ ಹಿಂದಷ್ಟೇ ಚಪ್ಪಾಳೆ ಗಿಟ್ಟಿಸಿದ ಬಾಯಿ ಅದು. ಅಷ್ಟು ಬೇಗ ಮಣ್ಣು ಮುಕ್ಕಲು ಒಪ್ಪಲಿಲ್ಲ.

"ಒಂಬತ್ತನೇ ಪುಟ ನಮ್ಮ ವಿಭಾಗಕ್ಕೆ ಬರಲ್ಲ," ಎಂದ. "ಅದು ಜಾಹೀರಾತಿನವರದ್ದು. ಅವರೇ ನೋಡ್ಕೋತಾರೆ, ಅವರೇ ಹಾಕ್ತಾರೆ. ನಮ್ಮ ಕಣ್ಣಿಗೆ ಬೀಳೋದೇ ಇಲ್ಲ."

ಎಂಜಿನಿಯರ್ ಏನೋ ಹೇಳಲು ಹೋದ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಅಕ್ಕನ ದನಿ ಬಂತು. ಸಭೆಯಲ್ಲಿ ಅವಳು ಬಾಯಿಬಿಟ್ಟಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ನೋಡಿ ಸಾರ್, ನಾನು ಓದಿದವಳಲ್ಲ, ದೊಡ್ಡ ಮಾತು ಬರಲ್ಲ. ಒಂದು ಹೇಳ್ತೀನಿ. ನನ್ನ ತಮ್ಮ ಅದನ್ನ ಓದಿದ್ದಿದ್ರೆ ನಂಗೆ ಹೇಳದೆ ಇರ್ತಿದ್ನಾ? ದಿನಾ ಬಂದು ಊರಿನ ಸುದ್ದಿ, ದೇಶದ ಸುದ್ದಿ ಎಲ್ಲಾ ಹೇಳ್ತಾನೆ ನಂಗೆ. ಗೇಟು ಮುಚ್ಚಿದ್ರೆ ಮೊದಲು ನಿಂತುಹೋಗೋದು ನನ್ನ ಗಾಡಿ ಅಂತ ಅವನಿಗೆ ಗೊತ್ತಿಲ್ವಾ? ಅವನು ಓದಿಲ್ಲ ಅಂದ್ರೆ ಓದಿಲ್ಲ. ಅಂದಮೇಲೆ ನೀವು ತಿಳಿಸಿಲ್ಲ ಅಂತಲೇ ಲೆಕ್ಕ."

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಪೇಪರಣ್ಣ ಕೂತ. ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ನೆಲ ಎಲ್ಲಿ ಬಾಯಿಬಿಡುತ್ತದೆ? ಪಕ್ಕದವನು ಬೆನ್ನು ತಟ್ಟಿ, "ಭೇಷ್!" ಎಂದ.

ಸೋಮವಾರ ಮಧ್ಯಾಹ್ನದ ಪಾಳಿಗೆ ಅವನು ಅರ್ಧ ಗಂಟೆ ಮೊದಲೇ ಹೋದ. ತಿದ್ದಿದ ಪ್ರೂಫ್‌ಗಳನ್ನು ಮೂರು ತಿಂಗಳು ಎಸೆಯುವ ಹಾಗಿಲ್ಲ, ಜಾಹೀರಾತು ಕೊಟ್ಟವರು ತಕರಾರು ಮಾಡಿದರೆ ಬೇಕಾಗುತ್ತದೆ. ತಾರೀಖಿನ ಪ್ರಕಾರ ಹುರಿಯಲ್ಲಿ ಕಟ್ಟಿ ಕಪಾಟಿನಲ್ಲಿ ಇಟ್ಟಿರುತ್ತಾರೆ. ಆ ದಿನದ ಕಟ್ಟು ಹುಡುಕುವಾಗ ಅವನ ಮನಸ್ಸಿನಲ್ಲಿ ಒಂದೇ ಆಸೆ ಇತ್ತು. ಅವತ್ತು ತಾನು ರಜೆ ಹಾಕಿರಲಿ. ಹಲ್ಲುನೋವೋ ಜ್ವರವೋ ಬಂದಿರಲಿ. ಬೇರೆ ಯಾರಾದರೂ ಓದಿರಲಿ.

ರಜೆ ಹಾಕಿರಲಿಲ್ಲ. ಹಲ್ಲೂ ನೆಟ್ಟಗಿತ್ತು. ಒಂಬತ್ತನೇ ಪುಟದ ಮೂಲೆಯಲ್ಲಿ ಅವನದೇ ರುಜು, ಕೆಳಗೆ ವೇಳೆ, ನಾಲ್ಕು ಇಪ್ಪತ್ತು. ನೋಟಿಸಿನಲ್ಲಿ ಎರಡು ಕಡೆ ಗೇಟಿನ ನಂಬರ್ ಇತ್ತು. ಎರಡನೆಯ ಕಡೆ 74 ಎಂದು ಬಿದ್ದಿದ್ದನ್ನು ಅವನು ಕೆಂಪು ಸುತ್ತು ಹಾಕಿ 47 ಎಂದು ತಿದ್ದಿದ್ದ.

"ಏನು ಹುಡುಕ್ತಿದ್ದೀರಿ?" ಜೊತೆಯಲ್ಲಿ ಓದುವ ಹೆಂಗಸು ಊಟದ ಡಬ್ಬಿ ತೊಳೆದುಕೊಂಡು ಬಂದಳು. ಕೋರ್ಟು, ಟೆಂಡರು, ಸರ್ಕಾರದ ಪ್ರಕಟಣೆ ಇಂಥವನ್ನೆಲ್ಲ ಒಬ್ಬರೇ ನೋಡುವಂತಿಲ್ಲ. ಅವಳು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ, ಇವನು ಪ್ರೂಫಿನ ಮೇಲೆ ಪೆನ್ನಿನ ತುದಿ ಓಡಿಸುತ್ತಾನೆ. ಹನ್ನೊಂದು ವರ್ಷದಿಂದ ಹೀಗೇ. ಅವಳದು ಮಗ್ಗಿ ಹೇಳುವ ರಾಗ. ಆ ರಾಗ ಶುರುವಾದರೆ ಇವನ ಕಣ್ಣು ತಾನಾಗಿ ನಡೆಯುತ್ತದೆ. ಮನಸ್ಸು ಬೇಕಾದಲ್ಲಿಗೆ ಹೋಗಿ ಬರುತ್ತದೆ.

ಅವಳು ಬಗ್ಗಿ ನೋಡಿದಳು. "ಓ, ಇದಾ! ನಾನೇ ಓದಿದ್ನಲ್ಲ. ನಂಬರ್ ಅದಲುಬದಲಾಗಿತ್ತು, ನೀವು ಹಿಡಿದ್ರಿ. ಜಾಹೀರಾತಿನವರು ಮೇಲೆ ಬಂದು ಥ್ಯಾಂಕ್ಸ್ ಹೇಳಿ ಹೋದ್ರು, ನೆನಪಿಲ್ವಾ? ತಪ್ಪು ನಂಬರ್ ಹೋಗಿದ್ರೆ ನೋಟಿಸೇ ಬಿದ್ದುಹೋಗ್ತಿತ್ತಂತೆ. ಮತ್ತೆ ಹಾಕಿ, ಮತ್ತೆ ಮೂವತ್ತು ದಿನ ಕಾಯ್ಬೇಕಿತ್ತಂತೆ."

ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಥ್ಯಾಂಕ್ಸ್ ಹೇಳಿಸಿಕೊಂಡು ಅವತ್ತು ಎಷ್ಟು ಉಬ್ಬಿದ್ದ! ಅಂದು ಅವನ ಮನಸ್ಸು ಎಲ್ಲಿತ್ತು ಎಂಬುದೂ ನೆನಪಾಯಿತು. ಬೇರೆ ಖಂಡದ ಯಾವುದೋ ದೇಶದಲ್ಲಿ ಮತ ಎಣಿಕೆ ನಡೆಯುತ್ತಿತ್ತು. ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು, ಒಂದೊಂದು ಪ್ಯಾರಾ ಮುಗಿದಾಗ ಅದರತ್ತ ಕಣ್ಣು ಹಾಯಿಸುತ್ತಿದ್ದ. ರಾತ್ರಿ ಮನೆಗೆ ಹೋದಾಗ ಅಕ್ಕ ಎಂದಿನಂತೆ, "ಏನೋ ಇವತ್ತು ವಿಶೇಷ?" ಎಂದಿದ್ದಳು. ಆ ದೇಶದಲ್ಲಿ ಯಾರು ಎಷ್ಟು ಮತದಿಂದ ಸೋತರೆಂದು ಅವನು ಅರ್ಧ ಗಂಟೆ ಹೇಳಿದ್ದ. ಸೋತವನಿಗೆ ಚಿಕ್ಕ ಚಿಕ್ಕ ಮಕ್ಕಳಿದ್ದಾರೆಂದು ಕೇಳಿ ಅಕ್ಕ, "ಅಯ್ಯೋ ಪಾಪ," ಎಂದಿದ್ದಳು. ಅದಾದಮೇಲೆ ಅವಳು, "ನಮ್ಮೂರಿಂದು ಏನಾದ್ರೂ ಇತ್ತಾ?" ಎಂದು ಕೇಳಿದಾಗ, "ಏನಿಲ್ಲ, ನಮ್ಮೂರಲ್ಲಿ ಏನಿರುತ್ತೆ?" ಎಂದವನೂ ಅವನೇ.

ಕಟ್ಟನ್ನು ಮತ್ತೆ ಹುರಿಯಲ್ಲಿ ಬಿಗಿದು ಒಳಗಿಟ್ಟ. ತನಗೆ ತಾನೇ ಹೇಸಿಕೊಂಡು ಆ ದಿನವೆಲ್ಲ ಕೆಲಸ ಮಾಡಿದ. ಅವತ್ತು ಎಂಟು ತಪ್ಪು ಅವನ ಕಣ್ಣು ತಪ್ಪಿಸಿ ಅಚ್ಚಾದವು.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಶಾಲೆಯ ನಿವೃತ್ತ ಹೆಡ್‌ಮಿಸ್ ಪೇಪರಣ್ಣನ ಮನೆಗೆ ಬಂದರು. ಬೀದಿಯ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. ಅಕ್ಕ ಕೆಲಸಕ್ಕೆ ಹೊರಡುವವಳು ಜಗುಲಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಪೇಪರಣ್ಣನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಗಂಡನ ಮನೆಯಲ್ಲಿದ್ದಳು. ಮನೆಯಲ್ಲಿ ಈಗ ಅಕ್ಕ ತಮ್ಮ ಇಬ್ಬರೇ.

"ಅರ್ಜಿ ಬರೆದಿದ್ದೀನಪ್ಪ, ಒಂದ್ಸಲ ತಿದ್ದಿಕೊಡು," ಎಂದು ಹೆಡ್‌ಮಿಸ್ ಎರಡು ಹಾಳೆ ಕೊಟ್ಟರು. "ನಿನ್ನೆ ಸಂಜೆ ಮನೆಮನೆಗೂ ಹೋಗಿ ನಲವತ್ತೊಂದು ಸಹಿ ಹಾಕಿಸಿದ್ದೀನಿ. ಇವತ್ತು ರೈಲ್ವೆ ಡಿವಿಷನ್ ಆಫೀಸಿಗೆ ಕೊಟ್ಟುಬಿಡೋಣ."

ಅಭ್ಯಾಸ ನೋಡಿ, ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನು ತೆಗೆಯಿತು. ಎರಡನೇ ಸಾಲಿನಲ್ಲಿ ಬಿಟ್ಟುಹೋಗಿದ್ದ ಒಂದು ಪದ ಸೇರಿಸಿದ. ಮೂರನೇ ಸಾಲಿಗೆ ಬಂದ. 'ಸದರಿ ಪ್ರಕಟಣೆಯು ಸಾರ್ವಜನಿಕರಿಗೆ ತಲುಪಿಲ್ಲ ಎಂಬುದಕ್ಕೆ, ಅದೇ ಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿರುವ ನಮ್ಮ ಬೀದಿಯ ಗೌರವಾನ್ವಿತ ನಾಗರಿಕರೊಬ್ಬರ ಗಮನಕ್ಕೂ ಅದು ಬಾರದಿರುವುದೇ ಸಾಕ್ಷಿ.' ಕೆಳಗೆ ಸಹಿಗಳು. ಮೊದಲನೆಯದೇ ಅಕ್ಕನದು. ಅಕ್ಕ ತನ್ನ ಹೆಸರನ್ನು ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ತಾಗದ ಹಾಗೆ ಬರೆಯುತ್ತಾಳೆ. ಅವನಿಗೆ ಅಕ್ಷರ ಕಲಿಸಿದವಳು ಅವಳೇ. ಶಾಲೆಗೆ ಹೋಗಲಾರದೆ ಮನೆಯಲ್ಲಿ ಕೂತವಳು ಅಣ್ಣಂದಿರ ಹಳೆಯ ಪುಸ್ತಕದಲ್ಲಿ ತಾನು ಕಲಿತು, ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಅವನಿಗೂ ಕಲಿಸಿದ್ದಳು.

ಪೆನ್ನು ಮುಂದೆ ಹೋಗಲಿಲ್ಲ.

"ಏನಪ್ಪ, ವಾಕ್ಯ ಸರಿಯಿಲ್ವಾ?" ಎಂದರು ಹೆಡ್‌ಮಿಸ್.

"ವಾಕ್ಯ ಸರಿಯಿದೆ ಟೀಚರ್. ಸಾಕ್ಷಿ ಸರಿಯಿಲ್ಲ."

"ಅಂದ್ರೆ?"

"ನಾನು ಅದನ್ನ ಓದಿದ್ದೆ. ಒಂಬತ್ತನೇ ಪುಟ ನಮ್ಮದೇ. ನಾನೇ ತಿದ್ದಿದ್ದು, ನಾನೇ ರುಜು ಹಾಕಿದ್ದು. ಸಭೇಲಿ ಸುಳ್ಳು ಹೇಳಿದೆ." "ಅಕ್ಷರ ನೋಡಿದೆ ಟೀಚರ್, ಏನು ಬರೆದಿದೆ ಅಂತ ನೋಡಲಿಲ್ಲ."

ಹೆಡ್‌ಮಿಸ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಹಾಗಾದ್ರೆ ನಲವತ್ತೊಂದು ಜನರ ಕೈಲಿ ನಾನು ಸುಳ್ಳಿಗೆ ಸಹಿ ಹಾಕಿಸಿದ ಹಾಗಾಯ್ತಲ್ಲಪ್ಪ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಅಕ್ಕನ ಕೈಯಲ್ಲಿ ಎಣ್ಣೆಯ ಡಬ್ಬಿ ಹಾಗೇ ಇತ್ತು. ಅವನು ಆ ಕಡೆ ನೋಡಲಾರದೆ ಜಗುಲಿಯ ಅಂಚು ನೋಡುತ್ತ ನಿಂತ. ಅವಳು ಕೇಳಿದಳು.

"ಗೇಟು ಮುಚ್ಚೋದು ಗೊತ್ತಿತ್ತಾ ನಿಂಗೆ?"

"ಇಲ್ಲಕ್ಕ. ದೇವರಾಣೆ ಗೊತ್ತಿರಲಿಲ್ಲ. ಓದಿದ್ದೆ, ಆದ್ರೆ ಗೊತ್ತಿರಲಿಲ್ಲ."

"ಅದು ಬಿಡು. ಕೆಲಸದಲ್ಲಿ ಆಗುತ್ತೆ. ನಾನೂ ಒಂದ್ಸಲ ಅಂಗಿಗೆ ತೋಳೇ ಇಡದೆ ಹೊಲಿದು ಕಳಿಸಿದ್ದೆ." ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಎರಡು ಸಲ ಜಾರಿತು, ಮೂರನೇ ಸಲ ಕೂತಿತು. "ಅಷ್ಟು ಜನರ ಮುಂದೆ ನಾನು ನಿನ್ನ ಪರ ಮಾತಾಡಿದೆನಲ್ಲೋ. ಹುಟ್ಟಿದಾಗಿಂದ ಒಂದು ಸಭೇಲಿ ಬಾಯಿಬಿಟ್ಟವಳಲ್ಲ ನಾನು. ಆಗ ನೀನು ಸುಮ್ನೆ ಕೂತಿದ್ದೆ."

ಅವನಿಗೆ ಅಳು ಬಂತು. ಐವತ್ತೊಂದು ವರ್ಷದ ಗಂಡಸು ಬೀದಿಗೆ ಕಾಣುವ ಜಗುಲಿಯಲ್ಲಿ ನಿಂತು ಅಳುವುದು ಹೇಗೆ? ಕೆಮ್ಮಿದ.

"ಟೀಚರ್, ಹೊಸದಾಗಿ ಬರೀರಿ," ಎಂದಳು ಅಕ್ಕ. "ನಮ್ಮದೇ ತಪ್ಪು, ತಡವಾಯ್ತು ಅಂತಲೇ ಬರೀರಿ. ಗೇಟು ಹಾಗೇ ಬಿಡಿ, ಇಲ್ಲ ಗಾಡಿ ಹೋಗೋ ಹಾಗೆ ಇಳಿಜಾರಾದ್ರೂ ಮಾಡಿ ಅಂತ ಕೇಳಿ. ಕೊಡ್ತಾರೋ ಬಿಡ್ತಾರೋ." ಆಮೇಲೆ ತಮ್ಮನ ಕಡೆ ತಿರುಗಿ, "ಇವತ್ತು ನಾನು ರಜೆ ಹಾಕ್ತೀನಿ. ನೀನೂ ಹಾಕು. ಉಳಿದ ನಲವತ್ತು ಮನೆಗೂ ಹೋಗ್ಬೇಕು. ಸಹಿ ಆಮೇಲೆ. ಮೊದಲು ಇದನ್ನ ಹೇಳು," ಎಂದಳು.

ಒಂಬತ್ತು ಗಂಟೆಗೆ ಶುರುಮಾಡಿದರು. ಅವನು ಮುಂದೆ, ಎರಡು ಗಜ ಹಿಂದೆ ಅಕ್ಕನ ಗಾಡಿ. ಒಂದೊಂದು ಮನೆಯ ಮುಂದೆಯೂ ಅವಳು ಬ್ರೇಕ್ ಹಾಕಿ ನಿಲ್ಲುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಅವನು ಬಾಗಿಲು ತಟ್ಟಬೇಕು, ಒಳಗಿನವರು ಬಂದು, "ಓಹೋ ಪೇಪರಣ್ಣ, ಬನ್ನಿ ಬನ್ನಿ," ಎನ್ನಬೇಕು, ಆ ನಗುಮುಖಕ್ಕೆ ಅವನು ಅದನ್ನು ಹೇಳಬೇಕು.

ಮೊದಲನೇ ಮನೆ ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಎರಡನೆಯದು ಸೈಕಲ್ ಶಾಪು. ಶಾಪಿನವನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಹೋಗ್ಲಿ ಬಿಡಿ ಮಾರಾಯ್ರೆ, ನಿಮ್ಮ ಪೇಪರ್ ನಾನೂ ತರಿಸ್ತೀನಿ. ಸಿನಿಮಾ ಪುಟ ನೋಡ್ತೀನಿ, ಆಟದ ಪುಟ ನೋಡ್ತೀನಿ. ಒಂಬತ್ತನೇ ಪುಟ ಬೇರಿಂಗ್ ಒರೆಸೋಕೆ!" ನಗುತ್ತಲೇ ಅವನ ಕಣ್ಣು ಅಕ್ಕನ ಗಾಡಿಯ ಮೇಲೆ ಬಿತ್ತು. ಆ ಗಾಡಿ ಕಟ್ಟಿಕೊಟ್ಟವನು ಅವನೇ. ನಗು ನಿಂತುಹೋಯಿತು. ಕೈ ಒರೆಸಿಕೊಂಡು ಸಹಿ ಹಾಕಿದ. "ಹೈವೇ ಮೇಲೆ ಓಡಿಸೋಕೆ ಮಾಡಿದ ಗಾಡಿ ಅಲ್ಲ ಇದು," ಎಂದು ಯಾರಿಗೆ ಎಂದಿಲ್ಲದೆ ಅಂದ.

ಔಷಧಿ ಅಂಗಡಿಯವನು ನಗಲಿಲ್ಲ. ಕೌಂಟರಿನ ಮೇಲೆ ಎರಡೂ ಕೈ ಊರಿ, "ಆ ಎಂಜಿನಿಯರ್‌ಗೆ ನಾನು ಕಳ್ಳ ಅಂದೆ," ಎಂದ. "ಅವನ ಮುಖಕ್ಕೇ ಅಂದೆ. ಯಾರ ಮಾತು ನಂಬಿಕೊಂಡು ಅಂದೆ ಹೇಳಿ? ಈಗ ಅವನ ಹತ್ರ ಹೋಗಿ ಕ್ಷಮೆ ಕೇಳೋನು ನಾನಾ, ನೀವಾ?" ಗಿರಾಕಿಗಳು ಇಬ್ಬರು ನೋಡುತ್ತಿದ್ದರು.

ಮೂಲೆ ಮನೆಯ ಮುದುಕ ಇನ್ನೊಂದು ತರ. "ಹೋಗಲಿ ಬಿಡಪ್ಪ, ಮನುಷ್ಯರು ಅಂದಮೇಲೆ ಆಗುತ್ತೆ," ಎಂದು ಸಮಾಧಾನ ಮಾಡಿ, ಸಹಿ ಹಾಕಿ, ಕೈ ಹಿಡಿದುಕೊಂಡು ಕೂರಿಸಿಕೊಂಡು, "ಅದಿರಲಿ, ಆ ಯುದ್ಧದ್ದು ಏನಾಯ್ತು? ನಿನ್ನೆ ಟೀವೀಲಿ ಏನೋ ಹೇಳ್ತಿದ್ರು," ಎಂದು ಕೇಳಿದ. ಹೇಳಲು ಪೇಪರಣ್ಣನ ಬಾಯಿ ತೆರೆದೇಬಿಟ್ಟಿತ್ತು. ಹೊರಗೆ ಅಕ್ಕನ ಗಾಡಿಯ ಬ್ರೇಕು ಕಿರ್ ಎಂದಿತು. ಎದ್ದು ಬಂದ.

ಹನ್ನೆರಡನೇ ಮನೆಯಾಕೆ ಬಾಗಿಲನ್ನು ಅರ್ಧವೇ ತೆರೆದಳು. "ನಿನ್ನೆ ಸುಳ್ಳಿಗೆ ಸಹಿ ಹಾಕಿಸಿಕೊಂಡ್ರಿ, ಇವತ್ತು ನಿಜಕ್ಕೆ ಅಂತೀರಿ. ನಾಳೆ ಇನ್ನೇನೋ. ನಮಗೆ ಬೇರೆ ಕೆಲಸ ಇಲ್ವಾ?" ಎಂದು ಮುಚ್ಚಿದಳು. ಅವಳ ಮನೆಯೊಳಗೆ ಟೀವಿ ಜೋರಾಗಿ ಓಡುತ್ತಿತ್ತು. ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದ. ಅಕ್ಕ ಗಾಡಿಯನ್ನು ಮುಂದಿನ ಮನೆಗೆ ಉರುಳಿಸಿದಳು.

ಮಧ್ಯಾಹ್ನ ಹೆಡ್‌ಮಿಸ್ ಮನೆಯಲ್ಲಿ ನೀರು ಕುಡಿದರು. ಮತ್ತೆ ಹೊರಟರು. ಬಿಸಿಲಿಗೆ ಅಕ್ಕನ ಮುಖ ಕೆಂಪಗಾಗಿತ್ತು, ಪೆಡಲು ತಿರುಗಿಸಿ ತಿರುಗಿಸಿ ಕೈ ನಡುಗುತ್ತಿತ್ತು. ಅವನು ಹಿಂದಿನಿಂದ ತಳ್ಳಲು ಹೋದರೆ, "ಬೇಡ, ಬಿಡು," ಎಂದಳು. ಅವನು ಬಿಟ್ಟ.

ಮನೆ ಹೆಚ್ಚಾದಂತೆ ಹೇಳುವುದು ಹಗುರವಾಗುತ್ತ ಬಂತು. ಇದು ಅವನಿಗೇ ಆಶ್ಚರ್ಯ. ಮೊದಮೊದಲು ತಡವರಿಸಿದ ಮಾತುಗಳು ಈಗ ಒಂದರ ಹಿಂದೆ ಒಂದು ತಾವಾಗಿ ಬರುತ್ತಿದ್ದವು. "ಆ ನೋಟಿಸನ್ನ ನಾನೇ ಓದಿದ್ದೆ, ನನ್ನ ಗಮನಕ್ಕೆ ಬರಲಿಲ್ಲ, ಸಭೇಲಿ ಹೇಳಿದ್ದು ಸುಳ್ಳು, ದಯವಿಟ್ಟು ಕ್ಷಮಿಸಿ, ಇದು ಹೊಸ ಅರ್ಜಿ, ಇಲ್ಲಿ ಸಹಿ ಮಾಡಿ." ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಗೊತ್ತಾಗಿತ್ತು. ಮೂವತ್ತನೇ ಮನೆಯ ಹೊತ್ತಿಗೆ ಬೆವರು ನಿಂತಿತ್ತು. ಮೂವತ್ತೈದನೇ ಮನೆಯಲ್ಲಿ ಮಾತಾಡುತ್ತಲೇ, ಇನ್ನು ಐದು ಮನೆ, ಐದು ಗಂಟೆಯೊಳಗೆ ಮುಗಿದರೆ ಸಂಜೆಯ ಚರ್ಚೆಗೆ ಮನೆಯಲ್ಲಿರಬಹುದು ಎಂದು ಯೋಚಿಸಿದ.

ಮೂವತ್ತೆಂಟನೆಯದು ನರ್ಸಿನ ಮನೆ. ಅಕ್ಕನ ಆಸ್ಪತ್ರೆಯಲ್ಲೇ ರಾತ್ರಿ ಪಾಳಿ. ಈಗಷ್ಟೇ ಎದ್ದು, ಒಂದು ಕಡೆ ಬಾಚಿ ಇನ್ನೊಂದು ಕಡೆ ಬಾಚದ ಕೂದಲಲ್ಲಿ, ಬಾಚಣಿಗೆ ಹಿಡಿದೇ ಬಾಗಿಲಿಗೆ ಬಂದಳು.

"ಆ ನೋಟಿಸನ್ನ ನಾನೇ ಓದಿದ್ದೆ, ನನ್ನ ಗಮನಕ್ಕೆ ಬರಲಿಲ್ಲ, ಸಭೇಲಿ ಹೇಳಿದ್ದು ಸುಳ್ಳು, ದಯವಿಟ್ಟು ಕ್ಷಮಿಸಿ, ಇದು ಹೊಸ..."

"ನಿಲ್ಲಿಸೋ."

ಬೆಳಗಿನಿಂದ ಮನೆಗಳ ಮುಂದೆ ಅಕ್ಕ ಬಾಯಿಬಿಟ್ಟಿದ್ದು ಇದೇ ಮೊದಲು. ಅವನು ತಿರುಗಿದ. ಅವಳು ಗಾಡಿಯನ್ನು ಮೆಟ್ಟಿಲಿಗೆ ತಾಗುವಷ್ಟು ಮುಂದೆ ತಂದಿದ್ದಳು. ಸಿಟ್ಟಿರಲಿಲ್ಲ ಮುಖದಲ್ಲಿ. ತುಂಬ ದಣಿದಿದ್ದಳು.

"ಐದಾರು ಮನೆಯಿಂದ ನೋಡ್ತಿದ್ದೀನಿ," ಎಂದಳು. "ಬಾಯಿ ಒಂದೇ ಆಡ್ತಿದೆ ನಿಂದು. ಆ ನೋಟಿಸ್ ಓದಿದ್ದೂ ಹೀಗೇ ಅಲ್ವೇನೋ?"

ಭಾನುವಾರ ಸಭೆಯಲ್ಲಿ, ಸೋಮವಾರ ಕಪಾಟಿನ ಮುಂದೆ, ಇವತ್ತು ಬೆಳಿಗ್ಗೆ ಜಗುಲಿಯಲ್ಲಿ ಆದ ನಾಚಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಅರ್ಜಿಯ ಹಾಳೆಯನ್ನು ಮಡಚಿ ಕೆಳಗಿಳಿಸಿದ. ನರ್ಸು ಏನೊಂದೂ ತಿಳಿಯದೆ ಒಮ್ಮೆ ಅಕ್ಕನನ್ನು, ಒಮ್ಮೆ ಅವನನ್ನು ನೋಡಿದಳು.

ಅವನು ಅವಳ ಕಡೆ ತಿರುಗಿ, ಮೊದಲ ಸಲ ಅವಳ ಕಣ್ಣನ್ನು ನೋಡಿದ. ಅವು ನಿದ್ದೆ ಸಾಲದೆ ಕೆಂಪಗಿದ್ದವು. ಗೇಟು ಮುಚ್ಚಿದರೆ ಇವಳೂ ಕತ್ತಲಲ್ಲಿ ಒಬ್ಬಳೇ ಆ ಮೆಟ್ಟಿಲು ಹತ್ತಬೇಕು ಎಂದು ಈಗ ಹೊಳೆಯಿತು.

"ನಾನು," ಎಂದ.

ಮುಂದಿನ ಮಾತು ಬರಲಿಲ್ಲ. ನರ್ಸು ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿಕೊಂಡು, ಬಾಗಿಲಿಗೆ ಭುಜ ಒರಗಿಸಿ ಕಾದಳು. ಅವನ ಹಿಂದೆ ಅಕ್ಕನೂ ಕಾಯುತ್ತಿದ್ದಳು.